ಕಿಶೋನಿನ ಕೆಸರು, ಕಾರ್ಮೆಲಿನ ಧೂಳು

ನಿವೃತ್ತಿಯಾದ ಮೇಲೆ ಮೇಷ್ಟ್ರು ಹೊತ್ತು ಹೇಗೆ ಕಳೆಯುತ್ತಾರೆಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ವಿಚಾರಿಸುವುದುಂಟು. ಬೆಳಿಗ್ಗೆ ಯಡಿಯೂರು ಕೆರೆಗೆ ಎರಡು ಸುತ್ತು, ಆಮೇಲೆ ಪತ್ರಿಕೆ, ಮಧ್ಯಾಹ್ನ ಒಂದು ಸಣ್ಣ ನಿದ್ದೆ ಎಂಬುದು ನನ್ನ ಎಂದಿನ ಉತ್ತರ. ಈ ಮೂರು ತಿಂಗಳಿಂದ ಉತ್ತರ ಬೇರೆಯಾಗಿದೆ. ಊಟದ ಮೇಜಿನ ಒಂದು ತುದಿಗೆ ಹಳೆಯ ಪತ್ರಿಕೆ ಹಾಸಿಕೊಂಡು, ಭೂತಗನ್ನಡಿಯ ಕೆಳಗೆ, ಒಂಬತ್ತು ಸೆಂಟಿಮೀಟರ್ ಉದ್ದದ ಒಂದು ಕಾರಿಗೆ ಕೊಳೆ ಬಳಿಯುತ್ತಿದ್ದೇನೆ. ಎಂಬತ್ತರ ಹತ್ತಿರ ಬಂದವನಿಗೆ ಇದೆಂಥ ಆಟ ಎಂದು ನನ್ನಾಕೆ ನಗುತ್ತಾಳೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬಣ್ಣಗಳೆಲ್ಲ ಹೊಸದಾಗಿ ಕಾಣುತ್ತಿವೆ, ಅದನ್ನು ಸುಮ್ಮನೆ ಯಾಕೆ ಬಿಡಲಿ ಎಂಬುದು ನನ್ನ ವಾದ.

ಈ ಹುಚ್ಚು ಹತ್ತಿಸಿದವನು 1989ರಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಕೂತಿದ್ದ ಒಬ್ಬ ಹುಡುಗ. ಹುಡುಗನೆಂದೆ, ಅವನಿಗೂ ಐವತ್ತು ದಾಟಿದೆ. ಬನಶಂಕರಿಯಲ್ಲಿ ಮನೆ. ಅವನೂ ಅವನ ನಾಲ್ಕೈದು ಮಂದಿ ಗೆಳೆಯರೂ ಭಾನುವಾರಗಳಲ್ಲಿ ದೊಡ್ಡ ಮೇಜಿನ ಮೇಲೆ ಗುಡ್ಡ, ರಸ್ತೆ, ಹೊಳೆ ನಿರ್ಮಿಸಿ, ಪುಟ್ಟ ಸೈನಿಕರನ್ನು ನಿಲ್ಲಿಸಿ, ಅಳತೆ ಪಟ್ಟಿಯಿಂದ ನಡೆಸಿ, ದಾಳ ಉರುಳಿಸಿ ಹಳೆಯ ಕದನಗಳನ್ನು ಮತ್ತೆ ಆಡುತ್ತಾರೆ. ಅವನು ಒಂದು ಸಂಜೆ ಪೆಟ್ಟಿಗೆಯೊಂದನ್ನು ತಂದು ನನ್ನ ಮುಂದಿಟ್ಟ. ಒಳಗೆ ಮೊದಲ ಮಹಾಯುದ್ಧದ ಕಾಲದ, ಉಕ್ಕಿನ ಕವಚ ತೊಡಿಸಿದ ರೋಲ್ಸ್ ರಾಯ್ಸ್ ಕಾರಿನ ಬಿಡಿ ಭಾಗಗಳು. ಜೊತೆಗೆ ಭರ್ಜಿ ಹಿಡಿದ ಹನ್ನೆರಡು ಸವಾರರು.

"ಇವರು ನಮ್ಮ ಮೈಸೂರು ಲ್ಯಾನ್ಸರ್ಸ್, ಸಾರ್. ಹೈಫಾ, 1918. ನೀವು ಕ್ಲಾಸಿನಲ್ಲಿ ಇದನ್ನು ಹೇಳಲೇ ಇಲ್ಲವಲ್ಲ?"

ಅವನದು ಆಕ್ಷೇಪಣೆಯಲ್ಲ, ಬರಿಯ ಪ್ರಶ್ನೆ. ಆದರೂ ನನಗೆ ಅದು ನಾಟಿತು. ಮೂವತ್ತೊಂದು ವರ್ಷ ಇತಿಹಾಸ ಪಾಠ ಹೇಳಿದವನು ನಾನು. ಸಾರಾಯೆವೊ ಹತ್ಯೆಯಿಂದ ವರ್ಸೈಲ್ಸ್ ಒಪ್ಪಂದದವರೆಗೆ ಕಾರಣಗಳು, ಪರಿಣಾಮಗಳು ಎಂದು ಪಟ್ಟಿ ಬರೆಸಿದ್ದೇನೆ. 1914ರ ಅಕ್ಟೋಬರ್‌ನಲ್ಲಿ ನಮ್ಮದೇ ಸಂಸ್ಥಾನದ ಅಶ್ವದಳ ಈಜಿಪ್ಟಿಗೆ ಹಡಗು ಹತ್ತಿದ್ದನ್ನು, ನಾಲ್ವಡಿಯವರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟದ್ದನ್ನು ಒಂದು ದಿನವೂ ಹೇಳಲಿಲ್ಲ. ಪಠ್ಯಪುಸ್ತಕದಲ್ಲಿ ಇರಲಿಲ್ಲ, ಪರೀಕ್ಷೆಗೆ ಬರುತ್ತಿರಲಿಲ್ಲ. ಜೆ.ಸಿ. ನಗರದ ಕಡೆ ಅವರ ಸ್ಮಾರಕವಿದೆ. ಆ ಹಾದಿಯಲ್ಲಿ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ, ಇಳಿದು ನೋಡಿದ್ದು ಈ ವರ್ಷ.

ಪೆಟ್ಟಿಗೆ ಇಟ್ಟುಕೊಂಡೆ.

ಕಾರನ್ನು ಜೋಡಿಸುವುದು ಸುಲಭ. ಮಾಸಿದ ಮರಳಿನ ಬಣ್ಣ ಹೊಡೆಯುವುದೂ ಕಷ್ಟವಲ್ಲ. ಕಷ್ಟವಿರುವುದು ಅದನ್ನು ಬಳಸಿದ ಗಾಡಿಯಂತೆ ಹಳೆಯದು ಮಾಡುವುದರಲ್ಲಿ. ಈ ಹುಡುಗರು ಅದಕ್ಕೆ ವೆದರಿಂಗ್ ಎನ್ನುತ್ತಾರೆ. ನೀರಾಗಿಸಿದ ಕಂದು ಬಣ್ಣವನ್ನು ಸಂದುಗೊಂದುಗಳಿಗೆ ಇಳಿಯಬಿಟ್ಟರೆ ರಿವೆಟ್ಟುಗಳು ಎದ್ದು ಕಾಣುತ್ತವೆ. ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಪಸೆಯಿಂದ ಅಂಚುಗಳನ್ನು ಸವರಿದರೆ ಬಿಸಿಲಿಗೆ ಬೆಳ್ಳಗಾದಂತೆ ತೋರುತ್ತದೆ. ಪಾತ್ರೆ ಉಜ್ಜುವ ಸ್ಪಂಜಿನ ಚೂರನ್ನು ಗಾಢ ಬಣ್ಣದಲ್ಲಿ ಅದ್ದಿ ಒತ್ತಿದರೆ ಬಣ್ಣ ಚಕ್ಕೆಯೆದ್ದ ಗುರುತು ಸಿದ್ಧ. ಬಾಗಿಲಿನ ಅಂಚಿಗೆ ಪೆನ್ಸಿಲ್ ಸೀಸ ಉಜ್ಜಿದರೆ ಬರಿ ಉಕ್ಕಿನ ಹೊಳಪು ಬರುತ್ತದೆ.

ನಾನು ಉತ್ಸಾಹದಿಂದ ಕಾರಿಗೆಲ್ಲ ತುಕ್ಕು ಹಿಡಿಸಿದೆ. ನಮ್ಮ ಮನೆಯ ಗೇಟೇ ಮಾದರಿ. ಶಿಷ್ಯ ನೋಡಿ ನಕ್ಕ. "ಸಾರ್, ಇದು ಆಷಾಢದ ಬೆಂಗಳೂರಿನ ಗೇಟು. ಅಲ್ಲಿ ಬೇಸಿಗೆಯಿಡೀ ಮಳೆಯಿಲ್ಲ. ದಿನಾ ಎಣ್ಣೆ ಹಾಕಿ ಒರೆಸುವ ಗಾಡಿ, ತುಕ್ಕು ಎಲ್ಲಿಂದ ಬರಬೇಕು?" ಮಾತು ಸರಿ. ತುಕ್ಕಿನ ಮೇಲೆ ಮತ್ತೆ ಮರಳಿನ ಬಣ್ಣ ಹೊಡೆದೆ. ಗುರುವಿಗೆ ತಿರುಮಂತ್ರ ಎಂಬುದು ಇದೇ ಇರಬೇಕು.

ಹಾಗಾದರೆ ಆ ಕಾರಿನ ಮೇಲೆ ಏನಿತ್ತು? ಸಿರಿಲ್ ಫಾಲ್ಸ್ ಬರೆದು 1930ರಲ್ಲಿ ಪ್ರಕಟವಾದ ಬ್ರಿಟಿಷರ ಅಧಿಕೃತ ಯುದ್ಧ ಇತಿಹಾಸವನ್ನು ಶಿಷ್ಯನೇ ಒದಗಿಸಿದ. ಹೈಫಾ ಊರನ್ನು ಶತ್ರು ಖಾಲಿ ಮಾಡಿದ್ದಾನೆಂದು ವಿಮಾನದವರು ವರದಿ ಕೊಟ್ಟರು. ಅದನ್ನು ನಂಬಿ 1918ರ ಸೆಪ್ಟೆಂಬರ್ 22ರಂದು ಕವಚದ ಕಾರುಗಳು ಊರನ್ನು ವಶಪಡಿಸಿಕೊಳ್ಳಲು ಹೊರಟವು. ವರದಿ ತಪ್ಪಾಗಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಜವುಗು, ನಡುವೆ ಇಕ್ಕಟ್ಟಾದ ರಸ್ತೆ. ಬೆಟ್ಟದ ಫಿರಂಗಿಗಳು ಬಾಯಿ ತೆರೆದವು, ಕಾರುಗಳು ಹಿಂದಿರುಗಿದವು. ಎಷ್ಟೇ ಉಕ್ಕಿದ್ದರೂ ಚಕ್ರಕ್ಕೆ ರಸ್ತೆ ಬೇಕು. ಅಂದಮೇಲೆ ಕಾರಿಗೆ ಹತ್ತಬೇಕಾದದ್ದು ರಸ್ತೆಯ ಧೂಳು. ಸುಣ್ಣಕಲ್ಲಿನ ಸೀಮೆಯ ಬಿಳಿಚು ಧೂಳು. ಮೊದಲು ಕೈಗೆ ಬಂದ ನಮ್ಮ ಕೆಮ್ಮಣ್ಣನ್ನು ಪಕ್ಕಕ್ಕಿಟ್ಟು, ರಂಗೋಲಿ ಪುಡಿಯನ್ನು ಮಲ್ ಬಟ್ಟೆಯಲ್ಲಿ ಸೋಸಿ, ಚಿಟಿಕೆ ಅರಿಶಿನ, ಚಿಟಿಕೆ ಬೂದಿ ಬೆರೆಸಿ ಚಕ್ರಗಳಿಗೂ ಮಡ್‌ಗಾರ್ಡಿಗೂ ಉದುರಿಸಿದೆ. ಮರುದಿನ ಹೊಸ್ತಿಲಿಗೆ ರಂಗೋಲಿಯಿಲ್ಲವೆಂದು ಮನೆಯಲ್ಲಿ ಸಣ್ಣದೊಂದು ಮಹಾಯುದ್ಧವಾಯಿತು.

ಇನ್ನು ಕುದುರೆಗಳು. ಕಿಶೋನ್ ಬಯಲಿನ ಮಣ್ಣು ಕಪ್ಪು ಜೇಡಿ, ನಮ್ಮ ಎರೆಭೂಮಿಯ ಹಾಗೆ. ನರಗುಂದದ ಕಡೆಗೆ ಕೊಟ್ಟಿರುವ ನನ್ನ ತಂಗಿಗೆ ಫೋನ್ ಮಾಡಿ ಹೊಲದ ಮಣ್ಣು ಕಳಿಸೆಂದೆ. "ಅಣ್ಣಾ, ಬೆಂಗಳೂರಾಗ ಮಣ್ಣೂ ಸಿಗಂಗಿಲ್ಲೇನು?" ಎಂದು ನಕ್ಕು, ಯಾರದೋ ಕೈಯಲ್ಲಿ ಪೊಟ್ಟಣ ಕಳಿಸಿದಳು. ಅದನ್ನು ಅಂಟಿನೊಡನೆ ಕಲಸಿ ಹನ್ನೆರಡು ಕುದುರೆಗಳಿಗೂ ಮೊಣಕಾಲಿನವರೆಗೆ ಮೆತ್ತಿದೆ. ಸವಾರರ ಮುಖಗಳಿಗೆ ಒಂದೇ ಬಣ್ಣ ಹಚ್ಚಲು ಮನಸ್ಸಾಗಲಿಲ್ಲ. ಒಬ್ಬೊಬ್ಬರನ್ನು ಒಂದೊಂದು ಬಗೆಯಾಗಿ, ನನ್ನ ತರಗತಿಯ ಹುಡುಗರು ಎಷ್ಟು ಬಗೆಯಿದ್ದರೋ ಅಷ್ಟು ಬಗೆಯಾಗಿ ಮಾಡಿದೆ. ಒಂದು ವಾರ ಹಿಡಿಯಿತು. ಇಟ್ಟು ನೋಡಿದರೆ, ನಿಜವಾಗಿ ಹೇಳುತ್ತೇನೆ, ಕಣ್ಣು ತೇವವಾಯಿತು.

ಆಮೇಲೆ 23ನೆಯ ತಾರೀಖಿನ ಪುಟಗಳನ್ನು ನಿಧಾನವಾಗಿ ಓದಿದೆ. ಅದನ್ನು ಮೊದಲೇ ಓದಬೇಕಾಗಿತ್ತು.

ಆ ಮಧ್ಯಾಹ್ನ ಬಯಲಿನಲ್ಲಿ ನುಗ್ಗಿ, ಕಿಶೋನಿನ ಹೂಳಿಗೆ ಸಿಕ್ಕಿ, ಎಡಕ್ಕೆ ತಿರುಗಿ ಊರನ್ನು ಹೊಕ್ಕವರು ಜೋಧಪುರದ ಲ್ಯಾನ್ಸರ್ಸ್. ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಮಡಿದರು. ಮೈಸೂರಿನವರಲ್ಲಿ ಒಂದು ತುಕಡಿ ಬೆಟ್ಟ ಹತ್ತಿತ್ತು. ಕಡಿದಾದ ಕಲ್ಲುದಾರಿ, ಅನೇಕ ಕುದುರೆಗಳು ಕುಂಟಾಗಿ ಹಿಂದುಳಿದವು. ಉಳಿದವರು, ಶೆರ್ವುಡ್ ರೇಂಜರ್ಸ್ ಎಂಬ ಇಂಗ್ಲಿಷ್ ತುಕಡಿಯ ಬೆಂಬಲದೊಡನೆ, ಮೇಲಿದ್ದ ಫಿರಂಗಿಗಳನ್ನು ಹಿಡಿದರು. ಹಿಂದಿನ ದಿನ ಕಾರುಗಳನ್ನು ಹಿಮ್ಮೆಟ್ಟಿಸಿದ್ದು ಈ ಬೆಟ್ಟದ ಗುಂಡುಗಳೇ. ಮೈಸೂರಿನ ಉಳಿದ ತುಕಡಿಗಳು ಬಯಲಿನಿಂದ ಗುಂಡಿನ ಆಸರೆ ಕೊಟ್ಟು, ಜೋಧಪುರದವರ ಹಿಂದೆಯೇ ಊರು ಸೇರಿದವು. 1,350 ಮಂದಿ ಸೆರೆ ಸಿಕ್ಕರು. ನಮ್ಮ ಕಡೆ 8 ಮಂದಿ ಸತ್ತರು, 34 ಮಂದಿಗೆ ಗಾಯವಾಯಿತು. ಸತ್ತ ಕುದುರೆಗಳು 60.

ಶಿಷ್ಯ ಈ ಹನ್ನೆರಡು ಮಂದಿಯನ್ನು ಆಟದಲ್ಲಿ ನಿಲ್ಲಿಸಬೇಕೆಂದಿದ್ದುದು ಬೆಟ್ಟದ ಮೇಲೆ. ಎಂದರೆ ನಾನು ಮೆತ್ತಿದ್ದ ಕೆಸರು ಇವರದಲ್ಲ, ಜೋಧಪುರದವರದು. "ಇರಲಿ ಬಿಡಿ ಸಾರ್, ಚೆನ್ನಾಗಿ ಕಾಣುತ್ತದೆ, ಯಾರಿಗೆ ಗೊತ್ತಾಗುತ್ತದೆ?" ಎಂದ. ಒಂದು ರಾತ್ರಿ ನನಗೂ ಹಾಗೆಯೇ ಅನ್ನಿಸಿತು. ಮೂವತ್ತೊಂದು ವರ್ಷ ಹೇಳದೆ ಬಿಟ್ಟದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಈಗ ಒಂದು ಹಿಡಿ ಹೆಚ್ಚಿಗೆ ಹೇಳಿದರೆ ತಪ್ಪೇನು ಎಂದು. ಆದರೆ ಜೋಧಪುರದಲ್ಲಿಯೂ ನನ್ನಂಥ ಒಬ್ಬ ಮೇಷ್ಟ್ರು ಇದ್ದಾನು.

ಬೆಳಿಗ್ಗೆ ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡು ಕೂತೆ. ಅಂಟು ಬಿಟ್ಟುಕೊಡಲು ಎರಡು ದಿನ ಬೇಕಾಯಿತು. ಎರಡು ಕುದುರೆಗಳ ಕಾಲಿನ ಬಣ್ಣವೂ ಕಿತ್ತುಬಂತು. ಮತ್ತೆ ಬಣ್ಣ ಹಚ್ಚಿ, ಗೊರಸಿನಿಂದ ಮೊಣಕಾಲಿನವರೆಗೆ ಕಾರ್ಮೆಲಿನ ಬಿಳಿ ಧೂಳು ಉದುರಿಸಿದೆ. ಅದೇ ರಂಗೋಲಿ ಪುಡಿ, ಈ ಸಲ ದುಡ್ಡು ಕೊಟ್ಟು ತಂದದ್ದು. ಒಂದು ಕುದುರೆಯ ಮುಂಗಾಲನ್ನು ತುಸು ಬಗ್ಗಿಸಿ, ಅದರ ಸವಾರನನ್ನು ಕೆಳಗಿಳಿಸಿ ಪಕ್ಕದಲ್ಲಿ ನಿಲ್ಲಿಸಿದ್ದೇನೆ.

ಕಳೆದ ಭಾನುವಾರ ಬನಶಂಕರಿಯಲ್ಲಿ ಆಟವಿತ್ತು. ಶಿಷ್ಯನ ಮಗ ಈಗ ಹತ್ತನೆಯ ತರಗತಿ. ಆ ಕುಂಟು ಕುದುರೆಯನ್ನು ಎತ್ತಿ ಹಿಡಿದು, "ತಾತಾ, ಇದು ಯಾಕೆ ಹೀಗಿದೆ? ಇದು ಆಟಕ್ಕೆ ಬರುವುದಿಲ್ಲವಲ್ಲ?" ಎಂದು ಕೇಳಿದ. ದಾಳಗಳನ್ನು ಪಕ್ಕಕ್ಕಿಡಲು ಹೇಳಿ, ಕೂತುಕೊಂಡು ಹೇಳಿದೆ. ಅವನ ಅಪ್ಪನೂ ಬಂದು ಕುರ್ಚಿ ಎಳೆದುಕೊಂಡ. ಮುಗಿಸಿ ಗಡಿಯಾರ ನೋಡಿದರೆ ಸರಿಯಾಗಿ ಒಂದು ಪೀರಿಯಡ್ಡು ಆಗಿತ್ತು.