ಜೊಲ್ಲಿನ ಗ್ರಂಥಿಯೂ ಚಿಕ್ಕಮ್ಮನೂ

‘ಕಳಲೆ’ ಎಂದರೆ ಮಲೆನಾಡಿನವರ ಬಾಯಲ್ಲಿ ನೀರೂರುತ್ತದೆ. ಅವರಿಗೆ ಅದು ಬಿದಿರಿನ ಎಳೆಯ ಮೊಳಕೆ, ಪಲ್ಯದ ಸಾಮಗ್ರಿ. ನಂಜನಗೂಡಿನ ಕಡೆಯವರಾದ ನಮಗೋ ಅದು ಲಕ್ಷ್ಮೀಕಾಂತಸ್ವಾಮಿಯ ಊರು, ಮೈಸೂರಿಗೆ ದಳವಾಯಿಗಳನ್ನು ಕೊಟ್ಟ ಊರು, ನನ್ನ ಚಿಕ್ಕಮ್ಮನ ಊರು. ಶಬ್ದ ಒಂದೇ, ಅರ್ಥ ಮಾತ್ರ ಅದು ನಿಂತ ಜಾಗಕ್ಕೆ ತಕ್ಕಂತೆ. ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದ ಈ ಮಾತಿನ ತೂಕ ನನಗೆ ತಿಳಿದದ್ದು ಒಂದು ಗಾಜಿನ ಪಟ್ಟಿಯ ಮುಂದೆ.

ಚಿಕ್ಕಮ್ಮನ ಎದೆಯಲ್ಲಿ ಅಡಕೆಯಷ್ಟು ಗಂಟು ಕಾಣಿಸಿಕೊಂಡು ವರ್ಷವಾಗಿತ್ತಂತೆ. ನಾಚಿಕೆಯಿಂದ ಬಾಯಿಬಿಟ್ಟಿರಲಿಲ್ಲ. ನೋಯತೊಡಗಿದ ಮೇಲೆ ನನ್ನ ಹೆಂಡತಿಯ ಕಿವಿಯಲ್ಲಿ ಉಸುರಿದಳು. ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ವೈದ್ಯರು ತೆಳ್ಳನೆಯ ಸೂಜಿ ಚುಚ್ಚಿ, ಸಿರಿಂಜಿನಿಂದ ಎಳೆದು, ಬಂದ ಹನಿಯನ್ನು ಗಾಜಿನ ಮೇಲೆ ಸವರಿದರು. ಈ ಬಗೆಯ ಪರೀಕ್ಷೆಯನ್ನು ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲಿಸ್ 1930ರಲ್ಲೇ ಪ್ರಕಟಿಸಿದ್ದರು. ‘ಇಷ್ಟೇನೆ? ಮುಳ್ಳು ತೆಗೆದ ಹಾಗಾಯಿತು’ ಎಂದಳು ಚಿಕ್ಕಮ್ಮ.

ವರದಿ ಬಂತು: ಜೊಲ್ಲಿನ ಗ್ರಂಥಿಯ ಮಾದರಿಯ ಗೆಡ್ಡೆಯ ಶಂಕೆ!

ಎದೆಗೆಲ್ಲಿಯ ಜೊಲ್ಲು? ಯಾರದೋ ಪಟ್ಟಿಗೆ ಯಾರದೋ ಹೆಸರು ಅಂಟಿಸಿದ್ದಾರೆಂದು ನಾನು ಸಿಟ್ಟಿನಿಂದಲೇ ಒಳಹೊಕ್ಕೆ. ಅಲ್ಲಿದ್ದ ವೈದ್ಯೆ ವಾದಿಸಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕಡುಗುಲಾಬಿ ಬಣ್ಣದ ಗುಂಡುಗಳು; ಅವನ್ನು ಮುತ್ತಿಕೊಂಡ ನೀಲಿಯ ಪುಟ್ಟ ಜೀವಕೋಶಗಳು. ಜೊಲ್ಲಿನ ಗ್ರಂಥಿಯೂ ಹಾಲಿನ ಗ್ರಂಥಿಯೂ ರಚನೆಯಲ್ಲಿ ಅಕ್ಕತಂಗಿಯರಂತೆ: ಎರಡರ ನಾಳಗಳಲ್ಲೂ ಒಳಗೊಂದು, ಹೊರಗೊಂದು ಕೋಶಗಳ ಪದರ. ಆದ್ದರಿಂದ ಅಲ್ಲಿಯ ಗೆಡ್ಡೆ ಅಪರೂಪಕ್ಕೆ ಇಲ್ಲಿಯೂ ಹುಟ್ಟುತ್ತದೆ. ಹೆಸರು ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ. ಸ್ತನದ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಜೊಲ್ಲಿನ ಗ್ರಂಥಿಯಲ್ಲಿ ಹುಟ್ಟಿದರೆ ನರಗಳ ಗುಂಟ ನುಸುಳಿ, ಹತ್ತು ಹದಿನೈದು ವರ್ಷಗಳ ಮೇಲೂ ಮರಳಿ ಬರಬಲ್ಲ ಮೊಂಡ. ಎದೆಯಲ್ಲಿ ಹುಟ್ಟಿದರೆ ಬಹುಮಟ್ಟಿಗೆ ಸಾಧು, ಕಂಕುಳಿಗೆ ಹಬ್ಬುವುದೂ ವಿರಳ.

‘ಹಾಗಾದರೆ ಇದು ಖಚಿತವೆ?’ ಎಂದೆ.

‘ಇಲ್ಲ ಸಾರ್. ಇಂಥವೇ ಗುಂಡುಗಳು ಏನೂ ಕೇಡಿಲ್ಲದ ಬೇರೊಂದು ಸ್ಥಿತಿಯಲ್ಲೂ ಕಾಣುತ್ತವೆ. ನೀವು ಕನ್ನಡ ಮೇಷ್ಟರಲ್ಲವೆ? ಸೂಜಿ ತರುವುದು ಬಿಡಿ ಅಕ್ಷರಗಳನ್ನು. ಪೂರ್ತಿ ಸಾಲು ಓದಬೇಕಾದರೆ ಒಂದು ತುಂಡೇ ಬೇಕು.’

ತುಂಡು ತೆಗೆದರು, ಶಂಕೆ ನಿಜವಾಯಿತು, ಶಸ್ತ್ರಚಿಕಿತ್ಸೆಯೂ ಆಯಿತು. ಸಿಟ್ಟಿನಿಂದ ಹೋದವನು ಕೈಮುಗಿದು ಬಂದೆ. ‘ಖಚಿತವಿಲ್ಲ’ ಎಂಬ ಆ ಮಾತಿಗೆ ಎಷ್ಟು ಓದು ಬೇಕು! ಹಳೆಯ ಕಾವ್ಯಗಳ ಪಾಠಾಂತರ ಬಂದಾಗ ಹುಡುಗರ ಮುಂದೆ ಹಾಗೆನ್ನಲು ನನಗೀಗ ಸಂಕೋಚವಿಲ್ಲ.

ಚಿಕ್ಕಮ್ಮ ಕಳಲೆಯಲ್ಲಿ ಸುಖವಾಗಿದ್ದಾಳೆ. ಗೆಡ್ಡೆ ಸಾಧುವಾದದ್ದು ಹೇಗೆಂದು ನಾನು ವಿವರಿಸಿದ್ದನ್ನೆಲ್ಲ ಕೇಳಿ, ‘ನಮ್ಮೂರ ನೀರು ಕುಡಿದರೆ ಎಂಥ ಮೊಂಡನೂ ಸಾಧುವಾಗ್ತಾನೆ ಕಣೋ’ ಎಂದಳು. ನಾನು ತಿದ್ದಲು ಹೋಗಲಿಲ್ಲ. ತಪಾಸಣೆಯ ದಿನ ಬಂದಾಗ ಮಾತ್ರ, ಅವಳು ಏನೇ ನೆಪ ಹೇಳಿದರೂ, ಮೈಸೂರಿನ ಬಸ್ಸು ಹತ್ತಿಸುತ್ತೇನೆ.