ಮೂರಾಕ್ಕೆ ಮೂರೇ ಮೀಲು

ವೋಲ್ವೋ ಅಂದ ಕೂಡಲೇ ನಿಮಗೆ ಬೆಂಗಳೂರಿನ ಏರ್‌ಕಂಡೀಷನ್ ಬಸ್ಸು ನೆನಪಾಗುತ್ತದೆ, ಅಲ್ಲವೇ? ನನಗೆ ಮಾತ್ರ ನೆನಪಾಗುವುದು ಮೂವತ್ತು ವರ್ಷದಿಂದ ನಮ್ಮನೆ ಮುಂದೆ ನಿಂತಿರುವ ನೀಲಿ ಕಾರು.

ನಾನಿರುವುದು ಸ್ವೀಡನ್ ದೇಶದ ಗೋಥೆನ್‌ಬರ್ಗ್‌ನಲ್ಲಿ. ಪಶ್ಚಿಮ ಕರಾವಳಿಯ ಬಂದರು ಪಟ್ಟಣ. ಮಳೆಯ ವಿಷಯದಲ್ಲಿ ನಮ್ಮ ಮಲೆನಾಡಿನ ನೆಂಟ. ವೋಲ್ವೋ ಕಂಪನಿ 1927ರಲ್ಲಿ ಶುರುವಾದದ್ದು ಇಲ್ಲೇ. ನಮ್ಮವರಿಗೆ ಈ ಊರಲ್ಲಿ ಕೆಲಸ ಸಿಕ್ಕಿ, 1993ರಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಾನೂ ಬಂದೆ. ಮರುವರ್ಷ ಇವರು ನಾಲ್ಕು ವರ್ಷ ಹಳೆಯದಾದ ವೋಲ್ವೋ 240 ಸ್ಟೇಷನ್ ವ್ಯಾಗನ್ ಮನೆಗೆ ತಂದರು.

"ಇದೇನ್ರೀ, ಬ್ರೆಡ್ಡಿನ ಪೆಟ್ಟಿಗೆ ಥರ ಇದೆ!" ಅಂದೆ.

"ಪೆಟ್ಟಿಗೆಯೇ ಕಣೇ. ಸಂಸಾರ ಹಿಡಿಸೋ ಪೆಟ್ಟಿಗೆ" ಅಂದರು.

ಮಾತು ಸುಳ್ಳಲ್ಲ. ಈ ಕಾರಿಗೆ ಬೇರೆ ಡಿಕ್ಕಿ ಇಲ್ಲ. ಮಾಡು ಹಿಂದಿನ ತನಕ ಒಂದೇ ಸಮ ಹೋಗುತ್ತದೆ, ಹಿಂಬಾಗಿಲು ಮೇಲಕ್ಕೆ ತೆರೆಯುತ್ತದೆ, ಹಿಂದಿನ ಸೀಟು ಮಡಚಿದರೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ. 1974ರಿಂದ 1993ರವರೆಗೆ ಈ 240ರ ಜಾತಿಯ ಕಾರುಗಳು ಸುಮಾರು 28 ಲಕ್ಷ ತಯಾರಾದವಂತೆ. ಇಂದು ಎಲ್ಲರೂ ಭುಜದ ಮೇಲಿಂದ ಹಾಕಿಕೊಳ್ಳುವ ಸೀಟು ಬೆಲ್ಟು ಇದೆಯಲ್ಲ, ಅದನ್ನು 1959ರಲ್ಲಿ ರೂಪಿಸಿದವರು ಇದೇ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಲೀನ್. ಬೇರೆ ಕಂಪನಿಗಳೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟರು.

ಆ ವರ್ಷ ಜೂನ್ ತಿಂಗಳಲ್ಲಿ ನಮ್ಮ ಮೊದಲ ಪ್ರವಾಸ. ಇಲ್ಲಿ ಬೇಸಿಗೆಯ ನಡುವೆ 'ಮಿಡ್‌ಸೊಮ್ಮರ್' ಎಂಬ ಹಬ್ಬ. ಅದರ ಸೊಗಸು ನೋಡಬೇಕಾದರೆ ದಾಲಾರ್ನಾ ಸೀಮೆಗೇ ಹೋಗಬೇಕು ಅಂತ ಎಲ್ಲರೂ ಹೇಳಿದ್ದರು. ಚಪಾತಿ, ಚಟ್ನಿಪುಡಿ, ಹುಳಿಯವಲಕ್ಕಿ, ಒಂದು ಸಣ್ಣ ಕುಕ್ಕರು, ಹಾಸಿಗೆ ಹೊದಿಕೆ, ಎಲ್ಲವೂ ಹಿಂದಕ್ಕೆ ಏರಿದವು. ವೇನರ್ನ್ ಎಂಬ ಸಮುದ್ರದಂಥ ಸರೋವರದ ಸೀಮೆ ದಾಟಿದ ಮೇಲೆ ದಾರಿಯುದ್ದಕ್ಕೂ ಪೈನ್ ಕಾಡು. ಅಲ್ಲಲ್ಲಿ ಎಲ್ಕ್ ಚಿತ್ರ ಬರೆದ ಹಳದಿ ಫಲಕ. ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ, ಅಡ್ಡ ಬಂದರೆ ಕಾರೂ ಉಳಿಯದು, ಅದೂ ಉಳಿಯದು.

ನಾನೂರು ಕಿಲೋಮೀಟರಿಗೂ ಮಿಕ್ಕಿ ಹೋದ ಮೇಲೆ ಸಿಲ್ಯಾನ್ ಸರೋವರ. ಸುಮಾರು 38 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಭಾರೀ ಬಂಡೆ ಬಿದ್ದು ಆದ ಗುಳಿಯ ಅಂಚಿನಲ್ಲಿ ಈ ನೀರು ನಿಂತಿದೆಯಂತೆ. ದಡದಲ್ಲೆಲ್ಲ ಕುಂಕುಮಗೆಂಪಿನ ಮರದ ಮನೆಗಳು. ಫಾಲುನ್ ಊರಿನ ತಾಮ್ರದ ಗಣಿಯ ಮಣ್ಣಿನಿಂದ ಆ ಬಣ್ಣ. ಅದನ್ನು ನೀರು, ರೈ ಹಿಟ್ಟು ಹಾಕಿ ಗಂಜಿಯ ಹಾಗೆ ಕುದಿಸುತ್ತಾರೆ! ಅಂಥ ಒಂದು ಪುಟ್ಟ ಮನೆಯನ್ನೇ ನಾವು ಬಾಡಿಗೆಗೆ ಹಿಡಿದಿದ್ದೆವು. ಹಬ್ಬದ ದಿನ ಊರಿನವರೆಲ್ಲ ಸೇರಿ ಎಲೆ, ಹೂವು ಸುತ್ತಿದ ಎತ್ತರದ ಕಂಬ ನಿಲ್ಲಿಸಿ ಸುತ್ತಲೂ ಕುಣಿದರು. ಹೊಸ ಆಲೂಗಡ್ಡೆ, ಸ್ಟ್ರಾಬೆರಿ ಊಟ. ರಾತ್ರಿ ಹತ್ತಾದರೂ ಹೊರಗೆ ಬೆಳಕು.

ಮಾರನೆಯ ಬೆಳಿಗ್ಗೆ ಇವರು ಎದೆ ಹಿಡಿದುಕೊಂಡು ಕೂತರು. ಪಕ್ಕದ ಬಿಡಾರದವರು ಫೋನು ಮಾಡಿ, ಆಂಬುಲೆನ್ಸ್ ಬಂತು. ಮಕ್ಕಳಿಗೆ ಅದರಲ್ಲಿ ಜಾಗವಿಲ್ಲ. "ಮೂರಾ ಊರಿನ ಆಸ್ಪತ್ರೆಗೆ ಬನ್ನಿ, ಮೂರೇ ಮೀಲು" ಎಂದು ಹೇಳಿ ಅವರು ಹೊರಟೇಬಿಟ್ಟರು. ಕಾರಿನ ಬೀಗದಕೈ ನನ್ನ ಕೈಯಲ್ಲಿ. ಕಾರು ಬಾಗಿಲಲ್ಲಿ. ಆದರೆ ನನಗೆ ಸೈಕಲ್ಲೂ ಬರುತ್ತಿರಲಿಲ್ಲ.

ಮೂರು ಮೈಲಿ ತಾನೇ, ಹುಡುಗಿಯಾಗಿದ್ದಾಗ ಶಾಲೆಗೆ ಅಷ್ಟು ದೂರ ನಡೆದವಳು ನಾನು ಅಂದುಕೊಂಡು, ಏಳು ವರ್ಷದ ಮಗನ ಕೈ ಹಿಡಿದು, ನಾಲ್ಕು ವರ್ಷದ ಮಗಳನ್ನು ಸೊಂಟಕ್ಕೇರಿಸಿ ಹೊರಟೆ. ಅರ್ಧ ಗಂಟೆ ನಡೆದಿರಬಹುದು. ಎದುರಿಗೆ ಸೈಕಲ್ಲಿನಲ್ಲಿ ಎಪ್ಪತ್ತರ ಒಬ್ಬ ಅಜ್ಜಿ ಬಂದಳು. ನನ್ನ ಮುಖ ನೋಡಿ ಇಳಿದಳು. ನನ್ನ ಹರಕು ಭಾಷೆಯಲ್ಲಿ "ಮೂರಾ, ಆಸ್ಪತ್ರೆ" ಅಂದೆ. ಆಕೆ ಹತ್ತೂ ಬೆರಳು ಬಿಡಿಸಿ ಮೂರು ಸಲ ತೋರಿಸಿದಳು. ಆಗ ತಿಳಿಯಿತು, ಸ್ವೀಡನ್ನಿನವರ ಒಂದು ಮೀಲು ಅಂದರೆ ಹತ್ತು ಕಿಲೋಮೀಟರು! ದಾರಿಯಲ್ಲೇ ಕೂತು ಅತ್ತುಬಿಟ್ಟೆ.

ಬೀಗದಕೈ ನೋಡಿದ ಅಜ್ಜಿ ನಮ್ಮೊಡನೆ ವಾಪಸು ನಡೆದು ಬಂದಳು. ಸೈಕಲ್ಲನ್ನು ನಮ್ಮ ಗೋಡೆಗೆ ಒರಗಿಸಿ, ಸ್ಟಿಯರಿಂಗ್ ಮುಂದೆ ಕೂತು, ಮೊದಲು ಮಕ್ಕಳ ಬೆಲ್ಟು ಸರಿಯಿದೆಯೇ ಅಂತ ನೋಡಿ, ಮಜ್ಜಿಗೆ ಕಡೆದಷ್ಟು ಸಲೀಸಾಗಿ ಗೇರು ಹಾಕಿದಳು. ಇವರದು ಸಣ್ಣ ಹೃದಯಾಘಾತ. ದೇವರು ದೊಡ್ಡವನು, ಉಳಿದರು. ಸಂಜೆ ಅಜ್ಜಿಯೇ ನಮ್ಮನ್ನು ಮನೆಗೆ ತಂದುಬಿಟ್ಟಳು. ಹಣ ಕೊಡಹೋದರೆ ತಲೆಯಾಡಿಸಿ, ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮಡಚಿದಳು.

ಊರಿಗೆ ಬಂದು ಡ್ರೈವಿಂಗ್ ಕಲಿಯಲು ಸೇರಿದೆ. ಇಲ್ಲಿ ಕಾರು ಓಡುವುದು ರಸ್ತೆಯ ಬಲಕ್ಕೆ. ಇವರೂ ಮೊದಲು ನಮ್ಮ ಹಾಗೆ ಎಡಕ್ಕೇ ಇದ್ದು, 1967ರ ಸೆಪ್ಟೆಂಬರ್ 3ರಂದು ಇಡೀ ದೇಶ ಒಂದೇ ಬೆಳಗಿನಲ್ಲಿ ಬಲಕ್ಕೆ ಸರಿಯಿತಂತೆ. ನನಗೆ ಸರಿಯಲು ಎರಡು ವರ್ಷ ಹಿಡಿಯಿತು! ಹಿಮದಲ್ಲಿ ಜಾರಿದರೆ ಏನು ಮಾಡಬೇಕೆಂದು ನುಣುಪು ನೆಲದಲ್ಲಿ ಬೇಕೆಂದೇ ಕಾರು ಜಾರಿಸಿ ಕಲಿಸುತ್ತಾರೆ. ನಾನು ಕಿರುಚಿದ್ದು ಬಹುಶಃ ನಿಮಗೂ ಕೇಳಿಸಿರಬೇಕು. ಮೂರನೆಯ ಪರೀಕ್ಷೆಯಲ್ಲಿ, 1996ರಲ್ಲಿ, ಪಾಸಾದೆ.

ಆಮೇಲೆ ಆ ಪೆಟ್ಟಿಗೆ ನನ್ನದಾಯಿತು. ಅಕ್ಕಿ ಮೂಟೆ, ಗ್ರೈಂಡರು, ಗಣೇಶನ ಮಂಟಪ, ಯುಗಾದಿ ಕೂಟಕ್ಕೆ ಪಾತ್ರೆಗಟ್ಟಲೆ ಬಿಸಿಬೇಳೆ ಭಾತು ಹೊತ್ತಿತು. ಮಗಳು ಹಾಸ್ಟೆಲಿಗೆ ಹೋದಾಗ ಅವಳ ಮಂಚವನ್ನೂ ಹೊತ್ತಿತು. ಚಳಿಗಾಲಕ್ಕೆ ಬೇರೆ ಟೈರು ಹಾಕಬೇಕು. ಅದನ್ನು ನಾನೇ ಹಾಕುತ್ತೇನೆ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಕಬ್ಬಿಣಕ್ಕೆ ಶತ್ರು. ವಸಂತ ಬಂದೊಡನೆ ಕಾರಿನ ಅಡಿಯನ್ನು ಚೆನ್ನಾಗಿ ತೊಳೆಸಿದರೆ ತುಕ್ಕು ದೂರ. ಇಷ್ಟು ಮಾಡಿಕೊಂಡದ್ದಕ್ಕೆ ನಾಲ್ಕು ಲಕ್ಷ ಕಿಲೋಮೀಟರು ಓಡಿದೆ. ಮೂವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ವಾಹನ ತೆರಿಗೆಯೂ ಇಲ್ಲ. ಹಿರಿಯರಿಗೆ ಸಲ್ಲುವ ಮರ್ಯಾದೆ!

ನಮ್ಮವರು 2017ರಲ್ಲಿ ಹೋದರು. ಉಪ್ಪುನೀರಿಗೂ ಬಗ್ಗದ ಕಾರಿನ ಪಕ್ಕದ ಸೀಟು ಖಾಲಿಯಾಯಿತು. "ಅಮ್ಮಾ, ಮಾರಿಬಿಡು, ಒಳ್ಳೇ ಹೊಸದು ತಗೋಳೋಣ" ಅಂತಾನೆ ಮಗ. ಅವನ ಮಾತೂ ಸರಿಯೇ. ನೋಡೋಣ ಅಂದಿದ್ದೇನೆ.

ಹೋದ ಬೇಸಿಗೆಯಲ್ಲಿ ಒಬ್ಬಳೇ ಸಿಲ್ಯಾನ್‌ಗೆ ಹೋಗಿಬಂದೆ. ಹುಳಿಯವಲಕ್ಕಿ ಪಕ್ಕದ ಸೀಟಿನಲ್ಲಿತ್ತು. ಅಜ್ಜಿಯ ಮನೆ ಹುಡುಕಿದೆ, ಗುರುತು ಸಿಗಲಿಲ್ಲ. ಆ ಮೂರು ಮೀಲು ದಾರಿಯಲ್ಲಿ ಮೆಲ್ಲಗೆ ಒಂದು ಸಲ ಹೋಗಿ, ಬಂದೆ.

ಅಕ್ಕತಂಗಿಯರೇ, ಕಾರೇ ಆಗಬೇಕೆಂದಿಲ್ಲ. ಸೈಕಲ್ಲೋ, ಸ್ಕೂಟರೋ, ಮನೆಯಲ್ಲಿ ಏನಿದೆಯೋ ಅದನ್ನು ಓಡಿಸಲು ಕಲಿತಿಟ್ಟುಕೊಳ್ಳಿ. ಬೀಗದಕೈ ನಿಮ್ಮ ಕೈಗೆ ಯಾವ ಬೆಳಿಗ್ಗೆ ಬರುತ್ತದೋ ಹೇಳಲಾಗದು.