ಉಪ್ಪನ ಎತ್ತರದಲ್ಲಿ ತಪ್ಪಿದ ಮೂರು ಇಂಚು

ಕೋವಾಡ ಎಂದರೆ ಮರಾಠಿ ಓದುಗರಿಗೆ ‘ಸ್ವಾಮಿ’ ಕಾದಂಬರಿ ಬರೆದ ರಣಜಿತ್ ದೇಸಾಯಿಯವರ ಊರು. ನಮ್ಮ ಮನೆಯವರಿಗೆ ಅದು ಉಪ್ಪನ ದಿನಸಿ ಅಂಗಡಿಯ ಊರು. ಬಂಟ್ವಾಳದ ಕಡೆಯಿಂದ ಹೋಗಿ ತಾಮ್ರಪರ್ಣಿ ನದಿ ದಡದ ಆ ಪೇಟೆಯಲ್ಲಿ ಅಂಗಡಿ ಇಟ್ಟವರು ಉಪ್ಪ. ಮನೆಯಲ್ಲಿ ಬ್ಯಾರಿ, ಗಲ್ಲೆಯಲ್ಲಿ ಮರಾಠಿ. ಸಂಕೇಶ್ವರದ ಮೆಣಸಿನ ಮೂಟೆ ಬಿಚ್ಚಿದ ದಿನ ನಾವೆಲ್ಲ ಸೀನುತ್ತಿದ್ದೆವು, ಉಪ್ಪ ಕೆಮ್ಮುತ್ತಿದ್ದರು. ಬೀಡಿ ಬಿಟ್ಟು ಎಷ್ಟೋ ವರ್ಷವಾದರೂ ಕೆಮ್ಮು ಬಿಡಲಿಲ್ಲ.

ಒಂದು ದಿನ ಅಕ್ಕಿ ಮೂಟೆ ಸರಿಸುವಾಗ ಏದುಸಿರು ಬಂದು ಕುಳಿತುಬಿಟ್ಟರು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, “ಊದಿ ಕಾಕಾ, ಇನ್ನೂ ಊದಿ” ಎಂದು ಅಲ್ಲಿಯ ಹುಡುಗ ಕೂಗಿದ. ಶ್ವಾಸನಾಳ ಕಿರಿದಾಗಿದೆ, ಆದರೆ ಸೌಮ್ಯ ಎಂದು ರಿಪೋರ್ಟ್ ಬಂತು. ಉಪ್ಪನಿಗೆ ಅಷ್ಟೇ ಸಾಕಾಯಿತು. ಮರುದಿನವೇ ಮೆಣಸಿನ ಮೂಟೆಯ ಮುಂದೆ ಕುಳಿತರು.

ಡಿಪ್ಲೊಮಾ ಓದಿದವನಿಗೆ ಯಂತ್ರ ಕಂಡರೆ ಸುಮ್ಮನಿರಲಾಗುವುದಿಲ್ಲ. ಆ ಸ್ಪೈರೋಮೀಟರ್ ಬಗ್ಗೆ ಹುಡುಕಿ ಓದಿದೆ. 1846ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್ಸನ್ ಎಂಬ ವೈದ್ಯರು ಇದರ ವಿವರ ಪ್ರಕಟಿಸಿದರು. ನೀರಿನ ಪಾತ್ರೆಯಲ್ಲಿ ಕವುಚಿಟ್ಟ ಡಬ್ಬ, ರಾಟೆಯ ಮೇಲೆ ಹಗ್ಗ, ಇನ್ನೊಂದು ತುದಿಗೆ ಸರಿತೂಕದ ಭಾರ. ಊದಿದರೆ ಡಬ್ಬ ಮೇಲೇಳುತ್ತದೆ, ಎಷ್ಟು ಎದ್ದಿತೋ ಅಷ್ಟು ಗಾಳಿ. ಉಪ್ಪನ ತಕ್ಕಡಿಗೂ ಇದಕ್ಕೂ ಬಹಳ ದೂರವಿಲ್ಲ. ನಾವಿಕರು, ಪೊಲೀಸರು, ಕುಸ್ತಿಪಟುಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಅವರು ಊದಿಸಿದರು. ಜೀವ ವಿಮೆಯವರಿಗೂ ಇದು ಉಪಯೋಗಕ್ಕೆ ಬರುತ್ತದೆ ಎಂಬ ಲೆಕ್ಕ ಅವರಿಗಿತ್ತು.

1947ರಲ್ಲಿ ಫ್ರಾನ್ಸಿನ ಟಿಫನೋ, ಒಟ್ಟು ಎಷ್ಟು ಗಾಳಿ ಎಂಬುದರ ಜೊತೆಗೆ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಹೊರಬಂತು ಎಂದೂ ನೋಡಬೇಕೆಂದರು. ನಾಳ ಕಿರಿದಾಗಿದೆಯೇ ಎಂದು ತಿಳಿಯುವುದು ಹಾಗೆ. 1959ರಲ್ಲಿ ಬ್ರಿಟನ್ನಿನ ರೈಟ್ ಅವರು ಪೀಕ್ ಫ್ಲೋ ಮೀಟರ್ ತಂದರು. ಅದರ ಚಿಕ್ಕ ರೂಪ ಈಗ ಮನೆಯಲ್ಲೇ ಇಟ್ಟುಕೊಳ್ಳುವಂಥದ್ದು.

ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಹಚಿನ್ಸನ್ನರ ಒಂದು ಲೆಕ್ಕ. 5ರಿಂದ 6 ಅಡಿಯವರೆಗೆ, ಎತ್ತರ ಒಂದು ಇಂಚು ಹೆಚ್ಚಾದರೆ ಗಾಳಿ 8 ಘನ ಇಂಚು ಹೆಚ್ಚುತ್ತದೆ. ಇಂದಿನ ಯಂತ್ರದ ಸೂತ್ರ ಬೇರೆ, ಆದರೆ ಅದೂ ಎತ್ತರ, ವಯಸ್ಸು, ಗಂಡು-ಹೆಣ್ಣು ನೋಡಿಯೇ “ಇವರಿಗೆ ಇಷ್ಟು ಇರಬೇಕಿತ್ತು” ಎನ್ನುತ್ತದೆ. ಶೇಕಡಾ ಬರುವುದು ಅದಕ್ಕೆ ಹೋಲಿಸಿ.

ರಿಪೋರ್ಟ್ ತೆಗೆದು ನೋಡಿದೆ. ಎತ್ತರ 5 ಅಡಿ 4 ಇಂಚು ಎಂದಿತ್ತು. ಅಲ್ಲಿ ಉಪ್ಪನನ್ನು ಯಾರೂ ಅಳೆದಿರಲಿಲ್ಲ. ಕೇಳಿದ್ದರು, ಉಪ್ಪ ಅಂದಾಜಿಗೆ ಹೇಳಿದ್ದರು. ಗೋದಾಮಿನ ಗೋಡೆಗೆ ನಿಲ್ಲಿಸಿ ಟೇಪು ಹಿಡಿದೆ: 5 ಅಡಿ 7 ಇಂಚು. ಹಚಿನ್ಸನ್ನರ ಲೆಕ್ಕದಲ್ಲಿ ಮೂರು ಇಂಚಿಗೆ 24 ಘನ ಇಂಚು, ಅಂದರೆ ಸುಮಾರು 390 ಮಿಲಿಲೀಟರ್. ಉಪ್ಪನಿಗೆ ಇರಬೇಕಾದ ಗಾಳಿಯನ್ನೇ ಕಡಿಮೆ ಹಿಡಿದಿದ್ದರಿಂದ, ಇದ್ದಷ್ಟು ಉಸಿರು ಸಾಕೆಂಬಂತೆ ಕಂಡಿತ್ತು.

ಬೇರೆ ಕಡೆ ಮತ್ತೆ ಊದಿಸಿದೆವು. ಈ ಸಲ ಚಪ್ಪಲಿ ಬಿಡಿಸಿ ಅಳೆದರು. ರೋಗ ಅದೇ, ಸೌಮ್ಯವಲ್ಲ, ಮಧ್ಯಮ. ನಡುವೆ ಏಳು ತಿಂಗಳು ಉಪ್ಪ ಮೆಣಸಿನ ಧೂಳು ಕುಡಿದಿದ್ದರು.

ನಾನು ಸಿಟ್ಟಾದೆ. ಉಪ್ಪ ಹೇಳಿದ್ದು ಇಷ್ಟೇ: “ಅಂಗಡಿಯಲ್ಲಿ ತೂಕ ತಪ್ಪಿದರೆ ಗಿರಾಕಿ ಬಂದು ಕೇಳ್ತಾನೆ ಮೋನೆ. ನಾವು ಕೇಳಲಿಲ್ಲ.”

ನಮ್ಮಲ್ಲಿ ಬೀಡಿ ಸೇದಿದ, ಅಂಗಡಿ ಧೂಳಲ್ಲೇ ಆಯುಸ್ಸು ಕಳೆದ ಹಿರಿಯರು ಎಷ್ಟೋ ಮಂದಿ. ಅವರನ್ನು ಈ ಪರೀಕ್ಷೆಗೆ ಕರೆದೊಯ್ದರೆ ಎತ್ತರ ಬಾಯಲ್ಲಿ ಹೇಳಬೇಡಿ, ಅಳೆಯಲು ಹೇಳಿ. 3 ಲೀಟರಿನ ಸಿರಿಂಜಿನಿಂದ ಯಂತ್ರವನ್ನು ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. ಹಳೆಯ ರಿಪೋರ್ಟ್ ಎಸೆಯಬೇಡಿ.

ಈಗ ಮೂಟೆ ಬಿಚ್ಚುವುದು ತಮ್ಮ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು. ಉಪ್ಪ ಗಲ್ಲೆಯಲ್ಲಿ ಕೂರುತ್ತಾರೆ. ಬೆಳಿಗ್ಗೆ ಚಹಾಕ್ಕೆ ಮೊದಲು ಪೀಕ್ ಫ್ಲೋ ಮೀಟರ್ ಊದುತ್ತಾರೆ. ಉಮ್ಮ ಆ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡುತ್ತಾರೆ.